ಒಂದು ಬೆರಳಷ್ಟು ಮುಳುಗಿದ ಮನೆ

ನಮ್ಮ ಸೋದರಮಾವ ನೌಕಾಪಡೆಯಿಂದ ನಿವೃತ್ತನಾಗಿದ್ದಾನೆ ಎಂಬುದು ಸರ್ಕಾರದ ಅಭಿಪ್ರಾಯ. ಮಾವನ ಅಭಿಪ್ರಾಯ ಬೇರೆ. ಅವನ ಪ್ರಕಾರ ಹಡಗು ಬದಲಾಗಿದೆ, ಅಷ್ಟೇ. ಈಗಿನ ಹಡಗು ವಿಶಾಖಪಟ್ಟಣದ ಗಾಜುವಾಕದಲ್ಲಿ, ಹಿಟ್ಟಿನ ಗಿರಣಿಯ ಹಿಂದಿನ ಓಣಿಯಲ್ಲಿ ಲಂಗರು ಹಾಕಿ ನಿಂತಿದೆ. ಎರಡು ಅಂತಸ್ತು, ಮುಂದೊಂದು ತುಳಸಿಕಟ್ಟೆ. ಸಿಬ್ಬಂದಿ ಒಬ್ಬರೇ, ನಮ್ಮ ಅತ್ತೆ.

ಹಿರಿಯನಿಗೆ ಏಕವಚನವೇ ಎಂದು ಹುಬ್ಬೇರಿಸಬೇಡಿ. ನಮ್ಮ ಗದಗಿನ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ ಆತ ಊಟ ಬಿಟ್ಟು ಏಳುತ್ತಾನೆ, ತನ್ನಿಂದೇನೋ ತಪ್ಪಾಗಿದೆ ಎಂದು!

ಆ ಮನೆಯಲ್ಲಿ ನೆಲ ಎನ್ನುವಂತಿಲ್ಲ, ಅದು ಡೆಕ್. ಎಡಗಡೆಯ ಕೋಣೆ ಪೋರ್ಟ್, ಬಲಗಡೆಯದು ಸ್ಟಾರ್‌ಬೋರ್ಡ್. ನಾನು ಮೊದಲ ಸಲ ಹೋದಾಗ ಮಾವ, "ಬ್ಯಾಗ್ ಪೋರ್ಟಿನ್ಯಾಗ ಇಟ್ಟು ಬಾರವಾ" ಎಂದ. ಬಂದರು ಎಷ್ಟು ದೂರವಿದೆಯೋ ಎಂದು ಯೋಚಿಸುತ್ತ ನಾನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಓಣಿಗೆ ಇಳಿದಿದ್ದೆ. ಅತ್ತೆ ಓಡಿಬಂದು ಕೈ ಹಿಡಿದು ಎಳೆದುಕೊಂಡು ಹೋದರು. (ಅತ್ತೆಗೆ ಬಹುವಚನ. ಆ ಮನೆಯಲ್ಲಿ ಇಪ್ಪತ್ತೆಂಟು ವರ್ಷ ಬಾಳಿದವರಿಗೆ ಅಷ್ಟಾದರೂ ಬೇಡವೇ?)

ಹಡಗಿನಲ್ಲಿ ಮಾವ ಸಿಗ್ನಲ್‌ಮ್ಯಾನ್ ಆಗಿದ್ದ. ಅಂದರೆ ಎಲ್ಲರಿಗಿಂತ ಎತ್ತರದ ಜಾಗದಲ್ಲಿ ನಿಂತು, ಬಾವುಟ ಬೀಸಿ, ದೀಪ ಮಿಟುಕಿಸಿ ದೂರದ ಹಡಗುಗಳ ಜತೆ ಮಾತಾಡುವವನು. ಕಣ್ಣಿಗೆ ಬಿದ್ದದ್ದನ್ನೆಲ್ಲ ಗಂಟೆ ನಿಮಿಷ ಸಮೇತ ಬರೆದಿಡುವವನು. ಹಡಗಿನಿಂದ ಇಳಿದ ಮೇಲೂ ಈ ಬರೆಯುವ ಚಾಳಿ ಬಿಡಲಿಲ್ಲ. ಒಮ್ಮೆ ಅವನ ಉದ್ದ ಪುಸ್ತಕ ತೆರೆದು ನೋಡಿದೆ. ಒಂದು ದಿನದ ಟಿಪ್ಪಣಿ ಹೀಗಿತ್ತು: "10:10, ಮನೆಯವಳು ದಡಕ್ಕೆ ಇಳಿದಳು. 11:40, ವಾಪಸು. ಸಾಮಾನು: ಬದನೆಕಾಯಿ. 11:45, ಹವಾಮಾನ ಕೆಟ್ಟಿದೆ. 11:50, ನಾನು ತಾರಸಿಗೆ ಹೋದೆ."

ಹೊರಗೆ ನೋಡಿದರೆ ಅವತ್ತು ಒಂದು ಮೋಡವೂ ಇರಲಿಲ್ಲವಂತೆ!

ಇಂಥವನ ಸೋದರಸೊಸೆ ನಾನು, ಬದುಕುವುದಕ್ಕೆ ಮಾಡುವುದು ಉಪಗ್ರಹದ ಕೆಲಸ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಇದನ್ನು ನಾನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ, ರೈಲಿನಲ್ಲಿ ಎದುರು ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದವರಿಗೂ ಹೇಳಿದ್ದುಂಟು. ಅಪ್ಪ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುತ್ತಿದ್ದ. ನಾನು ಸೀನುತ್ತಲೇ ಓದಿದವಳು. ಯಾರೂ ಹಿಡಿದು ಬರೆಸಲಿಲ್ಲ, ಯಾರೂ ತಿದ್ದಲಿಲ್ಲ. ಈಗ ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಸ್ಟೀಲ್ ಪಾತ್ರೆಗಳ ಸಗಟು ಅಂಗಡಿಯ ಮೇಲಿನ ಮೂರನೇ ಮಹಡಿಯಲ್ಲಿರುವ ಒಂದು ಸಣ್ಣ ಕಂಪನಿಯಲ್ಲಿ ಇಂಜಿನಿಯರ್. ಕೆಳಗೆ ಕೊಳಗ ಬಿದ್ದರೆ ಮೇಲೆ ನಮ್ಮ ಮೀಟಿಂಗ್ ನಿಲ್ಲುತ್ತದೆ.

ಕೆಲಸವೇನೆಂದರೆ, ಆಕಾಶದಲ್ಲಿ ದಾರಿ ತೋರಿಸುವ ಉಪಗ್ರಹಗಳಿವೆಯಲ್ಲ, ನಿಮ್ಮ ಫೋನಿನ ನಕ್ಷೆಯಲ್ಲಿ ನೀಲಿ ಚುಕ್ಕೆ ಓಡಿಸುವಂಥವು, ಅವು ಈಗ ಹೊಸ ಬಗೆಯ ಸಿಗ್ನಲ್ ಕಳಿಸತೊಡಗಿವೆ. ಹೊಸದನ್ನು ಜನ ನಂಬುವ ಮೊದಲು ಯಾರಾದರೂ ಪರೀಕ್ಷೆ ಮಾಡಬೇಕಲ್ಲ? ಅದಕ್ಕಾಗಿ ನೆಲದ ಮೇಲೆ ಅಲ್ಲಲ್ಲಿ ಆಂಟೆನಾ ನೆಟ್ಟು, ಹಗಲೂ ರಾತ್ರಿ ಕಿವಿಗೊಟ್ಟು ಕೂರಿಸುತ್ತೇವೆ. ಮಂಗಳಗಿರಿಯಲ್ಲಿ ಮಗ್ಗದ ಸದ್ದಿನ ಮೇಲೆ ಒಂದು, ಕೊಂಡಪಲ್ಲಿಯಲ್ಲಿ ಮರದ ಗೊಂಬೆ ಮಾಡುವವರ ಮನೆಯ ಮೇಲೆ ಒಂದು, ಹೀಗೆ. ಇದರ ಗುಟ್ಟೆಲ್ಲ ಇಷ್ಟೇ: ಆಂಟೆನಾ ನಿಂತ ಜಾಗ ನಮಗೆ ಕೂದಲೆಳೆಯಷ್ಟು ಖಚಿತವಾಗಿ ಗೊತ್ತಿರಬೇಕು. ಆಗ ಉಪಗ್ರಹ, "ನೀನು ಅಲ್ಲಿಲ್ಲ, ಇಲ್ಲಿದ್ದೀಯ" ಎಂದರೆ, ತಪ್ಪು ಅದರದು ಎಂದು ಧೈರ್ಯವಾಗಿ ಹೇಳಬಹುದು. ನಿಂತ ನೆಲವೇ ಗೊತ್ತಿಲ್ಲದವರು ಆಕಾಶದಲ್ಲಿ ತಪ್ಪು ಹುಡುಕಬಾರದು.

ಮಾವನಿಗೆ ಮಾತ್ರ ಉಪಗ್ರಹದ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಅವನೂ ಅತ್ತೆಯೂ ಮೊದಲ ಸಲ ವಿಜಯವಾಡಕ್ಕೆ ಬಂದಾಗ ನಾನು ಅವರನ್ನು ಸ್ಟೇಷನ್ನಿನಿಂದ ಆಫೀಸಿನ ಕಡೆ ಕರೆದುಕೊಂಡು ಹೊರಟೆ. ಎರಡು ಆಟೋ ಬೇಕಾಯಿತು, ಏಕೆಂದರೆ ಅತ್ತೆ ನನಗಾಗಿ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ, ಒಂದು ರುಬ್ಬುವ ಕಲ್ಲನ್ನೂ ತಂದಿದ್ದರು. ನಾನೂ ಅತ್ತೆಯೂ ಮುಂದಿನ ಆಟೋದಲ್ಲಿ, ಫೋನಿನ ನಕ್ಷೆ ಹಿಡಿದು. ಮಾವ ಹಿಂದಿನ ಆಟೋದಲ್ಲಿ, ಕಲ್ಲು ಹಿಡಿದು. ನಕ್ಷೆ ನಮ್ಮನ್ನು ಎಡಕ್ಕೆ ತಿರುಗಿಸಿತು, ಮತ್ತೆ ಎಡಕ್ಕೆ ತಿರುಗಿಸಿತು, ಮೀನಿನ ಗಾಡಿಗಳ ನಡುವೆ ನಿಲ್ಲಿಸಿ "ನೀವು ತಲುಪಿದ್ದೀರಿ" ಎಂದಿತು. ಅಂತೂ ಆಫೀಸಿನ ಕೆಳಗೆ ಬಂದಾಗ ಮಾವ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂತು ಎರಡನೇ ಚಹಾ ಕುಡಿಯುತ್ತಿದ್ದ.

"ಮಾವಾ, ನೀ ಹೆಂಗ ಬಂದಿ?"

"ಸೂರ್ಯ ಬೆನ್ನಿಗೆ ಇಟ್ಕೊಂಡು ಹೊಂಟೆ. ಆಮ್ಯಾಲೆ ಒಬ್ಬಾಕಿ ಹೂ ಮಾರಾಕಿನ್ನ ಕೇಳಿದೆ." ಚಹಾ ಸೊರ್ ಎನ್ನಿಸಿದ. "ಏನ್ರಿ ಬಾಯಾರ, ನಿಮ್ಮ ಉಪಗ್ರಹಕ್ಕ ಒನ್‌ವೇ ಗೊತ್ತಿಲ್ಲೇನು?"

ನಾನು ಕಾಲೇಜು ಮೆಟ್ಟಿಲು ಹತ್ತಿದ ದಿನದಿಂದ ಅವನಿಗೆ 'ಬಾಯಾರು'. ನಮ್ಮ ಕಡೆ ಹಾಗೆ ಕರೆಯುವುದು ಸಾಲಿಯ ಟೀಚರನ್ನು.

ಅವತ್ತು ನಾನು ಅವರನ್ನು ಆಫೀಸಿನ ಮೇಲೆ ಕರೆದೊಯ್ಯಲಿಲ್ಲ. "ಲಿಫ್ಟ್ ಇಲ್ಲ, ಅತ್ತೆಗೆ ಮೊಣಕಾಲು ನೋವು" ಎಂದೆ. ಅತ್ತೆ, "ನನಗೆಲ್ಲೈತಿ ಮೊಣಕಾಲ ನೋವು?" ಎಂದು ಕೇಳಿಯೂಬಿಟ್ಟರು. ನಿಜ ಹೇಳುತ್ತೇನೆ. ಮಾವನಿಗೆ ಒಂದು ಮೆಚ್ಚಿನ ಕಥೆಯಿದೆ. ಸಿಕ್ಕವರಿಗೆಲ್ಲ ಹೇಳುತ್ತಾನೆ, ಎದೆಯುಬ್ಬಿಸಿ ಹೇಳುತ್ತಾನೆ. "ನಮ್ಮ ಹುಡುಗಿ ಮ್ಯಾಥ್ಸಿನ್ಯಾಗ ಮೂರು ಸಲ ಬಿದ್ದು ನಾಕನೇ ಸಲ ಎದ್ದಾಳ್ರೀ!" ಯುದ್ಧ ಗೆದ್ದ ವರದಿಯ ಹಾಗೆ. ಅವನಿಗೆ ಎದ್ದದ್ದು ಕಾಣುತ್ತದೆ. ಕೇಳಿದವರಿಗೆ ಮೂರು ಕಾಣುತ್ತದೆ. ನನ್ನ ಆಫೀಸಿನಲ್ಲಿರುವವರೆಲ್ಲ ಅಪ್ಪ ಪ್ರೊಫೆಸರ್, ಅಮ್ಮ ಡಾಕ್ಟರ್ ಎನ್ನುವವರು, ಒಂದೂ ಪೇಪರಿನಲ್ಲಿ ಬೀಳದವರು. ಅವರೆದುರು ಡಿಗ್ರಿಯ ಹಿಂದಿನ ಕಥೆ ಬಿಚ್ಚಿಡಲು ನನಗೆ ಇಷ್ಟವಿರಲಿಲ್ಲ.

ಆದರೆ ವಿಶಾಖಪಟ್ಟಣದಲ್ಲಿ ಒಂದು ಆಂಟೆನಾ ನೆಡುವ ಹೊತ್ತು ಬಂತು. ನಾಲ್ಕು ದಿಕ್ಕಿಗೂ ಆಕಾಶ ಬಿಚ್ಚಿಕೊಂಡ ತಾರಸಿ ಬೇಕು. ಮರ ಅಡ್ಡ ಬರಬಾರದು, ಎತ್ತರದ ಕಟ್ಟಡ ಇರಬಾರದು, ನೋಡಿಕೊಳ್ಳಲು ಒಬ್ಬ ಶಿಸ್ತಿನ ಮನುಷ್ಯ ಇರಬೇಕು. ಹದಿನೇಳು ತಾರಸಿ ಹತ್ತಿ ಇಳಿದೆ. ಒಂದರಲ್ಲಿ ಮೊಬೈಲ್ ಟವರ್, ಇನ್ನೊಂದರಲ್ಲಿ ತೆಂಗಿನಮರ, ಮತ್ತೊಂದರಲ್ಲಿ ಮಾಲೀಕರ ತಾಯಿ, "ಈ ಡಬ್ಬಿಯಿಂದ ನನ್ನ ತಲೆಗೂದಲು ಉದುರುತ್ತದೆಯೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ಹಾಕಿದರು. ಹದಿನೆಂಟನೆಯದು ಉಳಿದಿತ್ತು. ನೀವು ಊಹಿಸಿದ್ದು ಸರಿ.

ಮಾವನನ್ನು ಕೂರಿಸಿ ಹೇಳಿದೆ: "ಮಾವಾ, ಸಂಬಂಧಿಕರ ಮನಿ ಅಂತ ಗೊತ್ತಾದ್ರ ಆಫೀಸಿನ್ಯಾಗ ತಪ್ಪು ತಿಳ್ಕೊಂತಾರ. ನಾ ಯಾರೋ, ನೀ ಯಾರೋ. ತಿಳೀತಾ?"

ಮಾವ ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಅವನ ಕಣ್ಣು ಮಿನುಗಿತು. "ಗುಪ್ತ ಕಾರ್ಯಾಚರಣೆ!" ಎಂದ.

ಜಾಗ ನೋಡಲು ನಮ್ಮ ಮ್ಯಾನೇಜರು ಬಂದರು. ಗುಂಟೂರಿನ ಕಡೆಯ ದೊಡ್ಡ ಮನುಷ್ಯ, ದೊಡ್ಡ ಹೊಟ್ಟೆ, ದೊಡ್ಡ ದನಿ. ಮಾವ ಬಾಗಿಲಲ್ಲಿ ನೆಟ್ಟಗೆ ನಿಂತು ಅವರಿಗೊಂದು ಸೆಲ್ಯೂಟ್ ಹೊಡೆದ, ನನಗೊಂದು ಹೊಡೆದ. "ನಮಸ್ಕಾರಂ ಮೇಡಂ. ನಿಮ್ಮನ್ನು ಮೊದಲ ಸಲ ನೋಡುತ್ತಿದ್ದೇನೆ. ಮೊದಲು ಎಂದೂ ನೋಡಿಲ್ಲ. ನಿಮ್ಮದು ಯಾವ ಊರು ಮೇಡಂ?" ಎಂದು ತೆಲುಗಿನಲ್ಲಿ ಕೇಳಿದ. ನಾನು ಗದಗ ಎಂದೆ. "ಓಹೋ! ಅದು ಎಲ್ಲಿ ಬರುತ್ತದೆ?" ಎಂದ, ತನ್ನ ನಾಳ ಹೂತ ಊರನ್ನು!

ಕೆಟ್ಟದ್ದು ಆಗಿದ್ದು ಅತ್ತೆಯಿಂದ. ಎಲ್ಲರಿಗೂ ತಟ್ಟೆಯಲ್ಲಿ ಉಂಡಿ ಇಟ್ಟವರು ನನ್ನ ಮುಂದೆ ಬಂದು, "ಎರಡು ತಗೋ. ಹೆಂಗ ಸೊರಗೀ ನೋಡು. ನಿಮ್ಮವ್ವ ಕೇಳಿದ್ರ ನಾ ಏನ್ ಹೇಳ್ಲಿ?" ಎಂದುಬಿಟ್ಟರು. ಮ್ಯಾನೇಜರು ತಲೆಯೆತ್ತಿದರು. ಅವರಿಗೆ ಕನ್ನಡ ಬಾರದಿದ್ದರೂ ಆ ದನಿ ಯಾವ ಭಾಷೆಯಲ್ಲಿದ್ದರೂ ತಿಳಿಯುವಂಥದು. ಮಾವ ನಡುವೆ ಹಾರಿ, "ನನ್ನ ಹೆಂಡತಿ ಸಾರ್, ಕರ್ನಾಟಕದವರು ಯಾರೇ ಬಂದರೂ ಹೀಗೆಯೇ ಬೈಯುತ್ತಾಳೆ" ಎಂದ. ಮ್ಯಾನೇಜರು ನಕ್ಕರು. ತಾರಸಿ ಹತ್ತಿ ಸುತ್ತಲೂ ನೋಡಿ, "ಅಬ್ಬ, ಏಂ ಆಕಾಶಂ!" ಎಂದು ಅಲ್ಲೇ ಒಪ್ಪಿಗೆ ಕೊಟ್ಟರು. ಹೊರಡುವಾಗ ನಾನು ಮಾವನಿಗೆ ಕೈ ಮುಗಿದು, "ಬರುತ್ತೇವೆ ಸರ್, ತಮ್ಮ ಸಹಕಾರಕ್ಕೆ ಧನ್ಯವಾದ" ಎಂದೆ. ಬಹುವಚನ ಹಚ್ಚಿದೆ! ಮಾವ ನಗಲಿಲ್ಲ. ಗುಪ್ತ ಕಾರ್ಯಾಚರಣೆ ಅಷ್ಟು ಗಂಭೀರವಾಗಿ ನಡೆಯುತ್ತಿದೆ ಎಂದುಕೊಂಡೆ.

ಆಂಟೆನಾ ಬಂದ ಮೇಲೆ ಮಾವ ಬೇರೆ ಮನುಷ್ಯನಾದ. ಉಪಗ್ರಹವೆಂದರೆ ಮೂಗು ಮುರಿಯುತ್ತಿದ್ದವನು ಈಗ ಅದರ ಕಾವಲುಗಾರ. "ನಾ ಜೀವಮಾನ ಪೂರ್ತಿ ದೂರದಿಂದ ಬಂದ ಸಿಗ್ನಲ್ಲಿಗೆ ಕಾಯ್ದವ. ಇದೂ ಪಾಪ ಹಂಗ ಕಾಯ್ತೈತಿ" ಎನ್ನುತ್ತಿದ್ದ. ಬೆಳಗ್ಗೆ ಎದ್ದು ತಾರಸಿ ತೊಳೆಯುವುದು, ಆಂಟೆನಾದ ಬಿಳಿ ಬೋಗುಣಿಯಂಥ ತಲೆಗೆ ಒಂದು ಸೆಲ್ಯೂಟ್, ಆಮೇಲೆ ನನ್ನ ಫೋನಿಗೆ ವರದಿ: "ವೈಜಾಗ್ ಸ್ಟೇಷನ್. ಎಲ್ಲ ಕ್ಷೇಮ. ಕಾಗೆ ನಾಲ್ಕು, ಹದ್ದು ಒಂದು, ಹೆಲಿಕಾಪ್ಟರ್ ಇಲ್ಲ." ಸಿಗ್ನಲ್ಲಿಗೆ ಅಡ್ಡವಾಗುತ್ತದೆಂದು ಅತ್ತೆಯ ಹಪ್ಪಳ ಸಂಡಿಗೆಗಳನ್ನು ತಾರಸಿಯಿಂದ ಗಡೀಪಾರು ಮಾಡಿದ. ಹಪ್ಪಳದ ಎತ್ತರ ಎಷ್ಟು, ಅದು ಆಕಾಶಕ್ಕೆ ಅಡ್ಡ ಬರುವುದು ಹೇಗೆ ಎಂದು ಅತ್ತೆ ಕೇಳಿದ ಪ್ರಶ್ನೆಗೆ ನನ್ನ ಡಿಗ್ರಿಯಲ್ಲೂ ಉತ್ತರವಿರಲಿಲ್ಲ. ಆಯುಧಪೂಜೆಯ ದಿನ ಆಂಟೆನಾಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು ಫೋಟೋ ಕಳಿಸಿದ.

ಈ ಫೋಟೋವನ್ನು ನಾನು ಆಫೀಸಿನಲ್ಲಿ ತೋರಿಸಿದೆ. ಇಲ್ಲಿಂದ ನನ್ನ ನಾಚಿಕೆಗೇಡಿನ ಅಧ್ಯಾಯ ಶುರುವಾಗುತ್ತದೆ, ಸ್ವಲ್ಪ ತಾಳಿಕೊಳ್ಳಿ. ಫೋಟೋ ನೋಡಿ ಎಲ್ಲರೂ ನಕ್ಕರು. ನಕ್ಕರಲ್ಲ, ನನಗೆ ಹುರುಪು ಬಂತು. ಆ ಆಫೀಸಿನಲ್ಲಿ ನನ್ನ ಮಾತಿಗೆ ಜನ ತಿರುಗಿ ಕೂತದ್ದು ಅದೇ ಮೊದಲು! ಮಾವನ ಸೆಲ್ಯೂಟ್ ಮಾಡಿ ತೋರಿಸಿದೆ, ಕಾಗೆ ಎಣಿಸುವುದನ್ನು ತೋರಿಸಿದೆ, ಅವನ ತೆಲುಗನ್ನು ಅವನ ಗದಗಿನ ರಾಗದಲ್ಲೇ ಆಡಿ ತೋರಿಸಿದೆ. ಅವರು ಅವನಿಗೆ 'ಅಡ್ಮಿರಲ್' ಎಂದು ಹೆಸರಿಟ್ಟರು. ದಿನಾ ಚಹಾದ ಹೊತ್ತಿಗೆ, "ಇವತ್ತು ಅಡ್ಮಿರಲ್ ವರದಿ ಏನು?" ಎಂದು ಕೇಳುವರು. ನಾನು ಹೇಳುವೆ. ಮಾವ ಅಷ್ಟು ಶ್ರದ್ಧೆಯಿಂದ ಕಳಿಸಿದ್ದನ್ನು ನಾನು ಬಿಸ್ಕತ್ತಿನ ಜತೆ ಹಂಚಿ ಮುಗಿಸುತ್ತಿದ್ದೆ.

ಚೈತ್ರದಲ್ಲಿ ಹೊಸ ಸಿಗ್ನಲ್ಲನ್ನು ಇನ್ನೂ ಚೆನ್ನಾಗಿ ಹಿಡಿಯುವ ಹೊಸ ಆಂಟೆನಾ ಬಂತು. ಹಳೆಯದನ್ನು ತೆಗೆದು ಅದನ್ನು ಕೂರಿಸಲು ನಾನೊಬ್ಬಳೇ ಹೋದೆ. ತಾರಸಿಯ ನೆಲದಲ್ಲಿ ಒಂದು ಹಿತ್ತಾಳೆಯ ಮೊಳೆ ಹೂತಿದ್ದೇವೆ. ಲೆಕ್ಕಕ್ಕೆ ಅದೇ ನಮ್ಮ ಖಚಿತ ಜಾಗ. ಅದರ ನೇರ ಮೇಲೆ ಎದೆಮಟ್ಟದ ಕಬ್ಬಿಣದ ಸ್ಟ್ಯಾಂಡ್, ಸ್ಟ್ಯಾಂಡಿನ ನೆತ್ತಿಯಲ್ಲಿ ಆಂಟೆನಾ. ಕೂರಿಸಿದ ಮೇಲೆ ಮೊಳೆಯಿಂದ ಆಂಟೆನಾದ ಬುಡದ ತನಕ ಎತ್ತರ ಅಳೆದು ಹಾಳೆಯಲ್ಲಿ ಬರೆಯಬೇಕು. ನೇರವಾಗಿ ಅಳೆಯಬೇಕೆಂದರೆ ಸ್ಟ್ಯಾಂಡಿನ ಕಾಲುಗಳ ನಡುವೆ ನುಸುಳಿ ನೆಲದ ಮೇಲೆ ಅಂಗಾತ ಮಲಗಬೇಕು. ಮಧ್ಯಾಹ್ನ ಹನ್ನೆರಡೂವರೆ. ವೈಜಾಗಿನ ಬಿಸಿಲು. ತಾರಸಿ ರೊಟ್ಟಿ ಹಂಚು. ನನ್ನ ಮೈಮೇಲೆ ಹೊಸ ಮಂಗಳಗಿರಿ ಕಾಟನ್ನಿನ ಚೂಡಿದಾರ. ಮೂರಕ್ಕೆ ವಾಪಸು ರೈಲು. ನಾನು ಪಕ್ಕದಲ್ಲೇ ನಿಂತು ಟೇಪನ್ನು ಮೊಳೆಯಿಂದ ಆಂಟೆನಾದ ಅಂಚಿಗೆ ಎಳೆದೆ. ಕೆಳತುದಿಯನ್ನು ಮಾವ ಹಿಡಿದಿದ್ದ.

"ಬಾಯಾರ, ಟೇಪ್ ಓರೆ ಆತಲ್ಲ?" ಎಂದ.

"ಸುಮ್ನ ಹಿಡಿ ಮಾವಾ."

"ಅಲ್ಲವಾ, ನೆಟ್ಟಗ ಇದ್ದದ್ದಕ್ಕಿಂತ ಓರೆ ಇದ್ದದ್ದು ಉದ್ದ ಬರತೈತಿ. ಸಮುದ್ರದಾಗ ಆಳ ನೋಡೂವಾಗ ಹಗ್ಗ ಓರೆ ಆದ್ರ..."

"ಹತ್ತನೇ ಕ್ಲಾಸ್ ಓದಿದವ ನೀ, ಬಿ.ಇ. ಮಾಡಿದಾಕಿ ನಾ. ಯಾರು ಯಾರಿಗೆ ಹೇಳಬೇಕು?"

ಮಾವ ಟೇಪು ಹಿಡಿದ. ನಾನು ಬರೆದುಕೊಂಡೆ. ಹಾಳೆಯಲ್ಲಿ 'ನೇರವಾಗಿ ಅಳೆದದ್ದೇ, ಓರೆಯಾಗಿ ಅಳೆದದ್ದೇ' ಎಂದು ಕೇಳುವ ಒಂದು ಕಲಂ ಇದೆ. ನೇರ ಎಂಬುದರ ಮುಂದೆ ಗುರುತು ಹಾಕಿದೆ. ಊಟಕ್ಕೂ ನಿಲ್ಲಲಿಲ್ಲ.

ಎರಡು ವಾರದಲ್ಲಿ ವಿಜಯವಾಡದ ಕಂಪ್ಯೂಟರು ಒಂದು ಸುದ್ದಿ ಹೇಳಿತು. ಮಂಗಳಗಿರಿ ಇದ್ದಲ್ಲೇ ಇದೆ. ಕೊಂಡಪಲ್ಲಿ ಇದ್ದಲ್ಲೇ ಇದೆ. ಗಾಜುವಾಕದ ಒಂದು ಮನೆ ಮಾತ್ರ ಒಂದು ಬೆರಳಿನ ಅಗಲದಷ್ಟು ಕೆಳಗೆ ಮುಳುಗಿದೆ! ಬೆರಳಷ್ಟು ಎಂದರೆ ನಿಮಗೆ ನಗು. ನಮ್ಮ ಕೆಲಸದಲ್ಲಿ ಅದು ಪ್ರಳಯ. ಹೊಸ ಸಿಗ್ನಲ್ಲೇ ಸರಿಯಿಲ್ಲವೇ, ಆಂಟೆನಾ ಕೆಟ್ಟಿದೆಯೇ, ಯಾರಾದರೂ ಅಲುಗಾಡಿಸಿದರೇ?

ಮೀಟಿಂಗ್ ಕರೆದರು. ಅದಕ್ಕೆ ಮುಂಚೆ ನಾನು ನನ್ನ ಹಾಳೆ ತೆಗೆದು ನೋಡಿದೆ. ಎತ್ತರದ ಅಂಕಿ ನೋಡಿದೆ, ಗುರುತು ಹಾಕಿದ್ದ ಕಲಂ ನೋಡಿದೆ. ಲಂಬ ಎಷ್ಟು, ಓರೆ ಎಷ್ಟು ಎಂದು ಲೆಕ್ಕ ಹಾಕಿದರೆ ವ್ಯತ್ಯಾಸ ಸರಿಯಾಗಿ ಒಂದು ಬೆರಳು. ಆಂಟೆನಾದ ಎತ್ತರ ಹೆಚ್ಚು ಬರೆದರೆ, ಅದರ ಬುಡದ ಮನೆ ಅಷ್ಟೇ ಕೆಳಗಿದೆ ಎಂದು ಕಂಪ್ಯೂಟರು ತಿಳಿಯುತ್ತದೆ. ಮೂರು ಸಲ ಬಿದ್ದವಳಿಗೂ ಬರುವ ಲೆಕ್ಕ ಅದು. ಹಾಳೆಯನ್ನು ಮಡಚಿ ಫೈಲಿನೊಳಗೆ ಇಟ್ಟು ಮೀಟಿಂಗಿಗೆ ಹೋದೆ.

ಯಾರೋ, "ಸಮುದ್ರದ ಮನುಷ್ಯ ಅಲ್ಲವೇ, ಮನೆಯನ್ನೂ ಮುಳುಗಿಸುತ್ತಿದ್ದಾನೆ" ಎಂದರು. ಎಲ್ಲರೂ ನಕ್ಕರು. ಮ್ಯಾನೇಜರು ನನ್ನ ಕಡೆ ತಿರುಗಿ, "ಆ ಮುಸಲಾಯನ ಏಮೈನಾ ಕದಿಪಾಡಾ ಅಮ್ಮಾ?" ಎಂದರು. ಆ ಮುದುಕ ಏನಾದರೂ ಅಲುಗಾಡಿಸಿದನೇ?

ನಾನು ಸುಳ್ಳು ಹೇಳಲಿಲ್ಲ. ಅಷ್ಟು ಜಾಣತನವನ್ನು ಡಿಗ್ರಿ ಕಲಿಸಿದೆ. "ಅವರು ದಿನಾ ನೀರು ಹಾಕಿ ತಾರಸಿ ತೊಳೆಯುತ್ತಾರೆ ಸರ್" ಎಂದೆ. ಪೂರ್ತಿ ನಿಜ! ಹಾರ, ಕುಂಕುಮ, ಕುಂಬಳಕಾಯಿ ಎಲ್ಲ ಆಫೀಸಿನವರಿಗೆ ಮೊದಲೇ ಗೊತ್ತು. ನಾನೇ ಬಿಸ್ಕತ್ತಿನ ಜತೆ ಕೊಟ್ಟಿದ್ದೆನಲ್ಲ. ಉಳಿದ ವಾಕ್ಯವನ್ನು ಅವರೇ ಪೂರ್ತಿ ಮಾಡಿಕೊಂಡರು.

ಮ್ಯಾನೇಜರು ಅಲ್ಲೇ ಮಾವನಿಗೆ ಫೋನು ಹಚ್ಚಿದರು. ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. "ಸರ್, ಆಂಟೆನಾಕ್ಕೆ ಏನಾದರೂ ತಗುಲಿತ್ತೇ? ನೀವು ದಿನಾ ತೊಳೆಯುತ್ತೀರಿ ಎಂದು ಮೇಡಂ ಹೇಳುತ್ತಿದ್ದಾರೆ."

ಕೆಳಗಿನ ಅಂಗಡಿಯಲ್ಲಿ ಒಂದು ಪಾತ್ರೆಯೂ ಬೀಳಲಿಲ್ಲ ಆ ಹೊತ್ತಿಗೆ.

"ಮೇಡಂ ಅಲ್ಲಿದ್ದಾರೆಯೇ ಸಾರ್?" ಎಂದ ಮಾವ.

"ಇಲ್ಲೇ ಇದ್ದಾರೆ."

ಆಮೇಲೆ ಅದೇ ಸಿಪಾಯಿಯ ದನಿಯಲ್ಲಿ, "ಮೇಡಂ ಹೇಳಿದ್ದು ಸರಿ ಸಾರ್. ಪೊರಕೆ ತಗುಲಿರಬಹುದು. ವಯಸ್ಸಾಯಿತು, ಗಮನಕ್ಕೆ ಬಂದಿರಲಿಕ್ಕಿಲ್ಲ" ಎಂದ. ಹಪ್ಪಳವನ್ನೇ ಹತ್ತಿರ ಸುಳಿಯಗೊಡದವನು ಪೊರಕೆ ತಗುಲಿಸುತ್ತಾನೆಯೇ!

ತೀರ್ಮಾನವಾಯಿತು. ವೈಜಾಗಿನ ಆಂಟೆನಾ ಒಂದು ಕಾಲೇಜಿನ ತಾರಸಿಗೆ ಹೋಗಬೇಕು. ಬಿಚ್ಚಿ ತರುವುದು ಯಾರು? ಜಾಗ ಬಲ್ಲವಳು ನಾನೇ.

ಮುಂಜಾನೆಯ ರೈಲಿನಲ್ಲಿ ಆರು ಗಂಟೆ ಕೂತು ಹೋದೆ. ಎದುರು ಸೀಟಿನವರು, "ಏಂ ಚದುವುಕುನ್ನಾವಮ್ಮಾ?" ಎಂದು ನನ್ನ ಓದು ಕೇಳಿದರು. ಕಿಟಕಿಯ ಹೊರಗೆ ನೋಡುತ್ತ ಕೂತೆ. ಗಾಜುವಾಕದ ಮನೆಯಲ್ಲಿ ಅತ್ತೆ ಬಾಗಿಲು ತೆರೆದು ನೀರಿನ ತಂಬಿಗೆ ಇಟ್ಟು, ಒಂದು ಮಾತೂ ಆಡದೆ ಒಳಗೆ ಹೋದರು. ಅವರು ಮಾತಾಡದ್ದು ಇದೇ ಮೊದಲು. ಮಾವ ತಾರಸಿಯಲ್ಲಿದ್ದ. ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರ ತೊಟ್ಟಿದ್ದ. ಹೊಟ್ಟೆಯ ಬಳಿ ಎರಡು ಗುಂಡಿ ಕೂತಿರಲಿಲ್ಲ. ನೋಡಿದರೆ ನಗು ಬರಬೇಕಿತ್ತು.

"ಬರ್ರಿ ಮೇಡಂ. ಒಂದು ಸ್ಟೇಷನ್ ಬಿಟ್ಟು ಹೋಗೂದಂದ್ರ ಕ್ರಮ ಪ್ರಕಾರ ಆಗಬೇಕು."

"ಇಲ್ಲಿ ಯಾರೂ ಇಲ್ಲ ಮಾವಾ. ಮೇಡಂ ಅನಬ್ಯಾಡ."

"ರೂಢಿ ಆಗೇತಿ."

ನಾನು ಚೀಲದಿಂದ ಸ್ಪ್ಯಾನರ್ ತೆಗೆದೆ. ಬೋಲ್ಟು ತುಕ್ಕು ಹಿಡಿದು ಅಲುಗಲೇ ಇಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಅದು ಬೆಣ್ಣೆಯಂತೆ ತಿರುಗಿತು. ಸಮುದ್ರದ ಗಾಳಿಗೆ ಕಬ್ಬಿಣ ಕೆಡುತ್ತದೆಂದು ಮಾವ ವಾರಕ್ಕೊಮ್ಮೆ ಎಣ್ಣೆ ಹಾಕುತ್ತಿದ್ದನಂತೆ. ಒಂದು ಬೋಲ್ಟು ಬಿಚ್ಚಿದೆ. ಎರಡನೆಯದಕ್ಕೆ ಸ್ಪ್ಯಾನರ್ ಹಚ್ಚಿ ಹಾಗೆಯೇ ಕೂತೆ.

"ಮಾವಾ, ಪೊರಕಿ ತಗಲೇತಿ ಅಂತ ಯಾಕ ಅಂದಿ?"

"ತಗಲಿರಬಹುದು ಅಂದೆ. ತಗಲೇತಿ ಅನ್ನಲಿಲ್ಲ."

"ಟೇಪ್ ಓರೆ ಆಗಿತ್ತು."

"ಹೂಂ."

"ನಿನಗ ಗೊತ್ತಿತ್ತು."

"ಅವತ್ತ ಹೇಳಿದ್ನಲ್ಲ."

"ಇನ್ನೊಮ್ಮೆ ಹೇಳಬೇಕಿತ್ತಿಲ್ಲೋ! ಅವರ ಮುಂದರ ಹೇಳಬೇಕಿತ್ತಿಲ್ಲೋ!" ಎಂದು ಅವನ ಮೇಲೆಯೇ ರೇಗಿದೆ. ತಪ್ಪು ಮಾಡಿದವರಿಗೆ ಬರುವಷ್ಟು ಸಿಟ್ಟು ಬೇರೆ ಯಾರಿಗೆ ಬರುತ್ತದೆ?

ಮಾವ ಕೂತಿರದ ಗುಂಡಿಯನ್ನು ಕೂರಿಸಲು ನೋಡುತ್ತಿದ್ದ. "ಒಮ್ಮೆ ಹೇಳಿದ್ರ ಹೇಳಿದಂಗ. ಎರಡು ಸಲ ಹೇಳಿದ್ರ ಹಂಗಿಸಿದಂಗ" ಎಂದ. "ಅಷ್ಟು ಮಂದ್ಯಾಗ ನೀ ಒಬ್ಬಾಕಿ ಕುಂತಿದ್ದಿ. ನಿನ್ನ ಕೈಬಿಡಾಕ ಆಗಲಿಲ್ಲ ನನಗ."

ಆಂಟೆನಾದ ಬಿಳಿ ತಲೆಯ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಮಾವನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಬಿಚ್ಚಿದ ಬೋಲ್ಟನ್ನು ಮತ್ತೆ ಕೂರಿಸಿ ಬಿಗಿ ಮಾಡಿದೆ. ಚೂಡಿದಾರದಲ್ಲೇ ಸ್ಟ್ಯಾಂಡಿನ ಕೆಳಗೆ ನುಸುಳಿ ಅಂಗಾತ ಮಲಗಿದೆ. ಬೆನ್ನು ಸುಟ್ಟಿತು. ಟೇಪನ್ನು ನೆಟ್ಟಗೆ ಹಿಡಿದು ಅಳೆದೆ. ಅಂಕಿಯನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಎದ್ದು ಮ್ಯಾನೇಜರಿಗೆ ಫೋನು ಹಚ್ಚಿದೆ.

ನನ್ನ ತೆಲುಗು ಅಷ್ಟು ಚೆನ್ನಾಗಿಲ್ಲ. ಮುಚ್ಚಿಡಲು ಸಾಕಾಗುವಷ್ಟಿತ್ತು, ಬಿಚ್ಚಿಡಲು ಸಾಲದಾಯಿತು. ಆದರೂ ಹೇಳಿದೆ. ಎತ್ತರ ತಪ್ಪು ಅಳೆದದ್ದು ನಾನು. ಮೀಟಿಂಗಿಗೆ ಮುಂಚೆಯೇ ನನಗೆ ಗೊತ್ತಿತ್ತು. ಈ ಮನೆ ಮುಳುಗಿಲ್ಲ. ಇವರು ಯಾವುದನ್ನೂ ಮುಟ್ಟಿಲ್ಲ. ಮತ್ತು ಸರ್, ಇವರು ನನ್ನ ಸೋದರಮಾವ, ನಮ್ಮ ಅವ್ವನ ಒಡಹುಟ್ಟಿದ ಅಣ್ಣ.

ಎಲ್ಲ ಕೇಳಿ ಮ್ಯಾನೇಜರು, "ಸ್ಪ್ಯಾನರ್ ಕೆಳಗಿಡು. ಅಲ್ಲಿ ಏನನ್ನೂ ಬಿಚ್ಚಬೇಡ" ಎಂದರು. ಆಂಟೆನಾ ಉಳಿಯಿತು. ಮಾವನಿಗೂ ಅದು ಕೇಳಿಸಿತು. ಅವನ ಬೆನ್ನು ಇನ್ನೂ ನೆಟ್ಟಗಾದದ್ದು ಕಂಡೆ.

ಆಮೇಲೆ ಮ್ಯಾನೇಜರು ಶುರು ಮಾಡಿದರು. ಎಷ್ಟು ವಾರಗಳ ಕೆಲಸ ಹಾಳಾಯಿತು, ಎಷ್ಟು ಜನ ತಲೆ ಕೆಡಿಸಿಕೊಂಡರು, ಒಬ್ಬ ಹಿರಿಯರನ್ನು ಎಲ್ಲರೆದುರು ಹಾಗೆ ಕೇಳಬೇಕಾಯಿತಲ್ಲ, ಸ್ವಂತ ಸೋದರಮಾವನ ತಲೆಗೆ ಕಟ್ಟುವ ಬುದ್ಧಿ ನಿನಗೆ ಹೇಗೆ ಬಂತು! ದನಿ ಏರುತ್ತ ಹೋಯಿತು. ಒಂದೊಂದೂ ನನಗೆ ಸಲ್ಲಬೇಕಾದದ್ದೇ. ತಲೆ ತಗ್ಗಿಸಿ, ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೆ.

ಮಾವ ಬಂದು ಫೋನನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಕಾಲು ಜೋಡಿಸಿ ನೆಟ್ಟಗೆ ನಿಂತ.

"ಸಾರ್, ಒಕ್ಕ ನಿಮಿಷಂ," ಎಂದ. "ಮಾ ಪಿಲ್ಲ ಪೊದ್ದುನ್ನಿಂಚಿ ಏಮೀ ತಿನಲೇದು."

ನಮ್ಮ ಹುಡುಗಿ ಬೆಳಗ್ಗೆಯಿಂದ ಏನೂ ತಿಂದಿಲ್ಲ ಸಾರ್. ಊಟ ಮಾಡಲಿ, ಆಮೇಲೆ ಬೈಯಿರಿ.